ಗುಲಾಮನ ಪಾರ್ಟು

ಕರ್ನಾಟಕ ಒಂದಾದ ವರ್ಷದ ಬೇಸಿಗೆಯಲ್ಲಿ ನಾನು ರೋಣ ತಾಲೂಕಿನ ಒಂದು ಊರಿಗೆ ನಾಟಕ ಕಲಿಸಲು ಹೋದೆ. ಊರಿನ ಹೆಸರು ಹೇಳುವುದಿಲ್ಲ. ಬೆಳವಣಕಿಯ ಆಚೆ, ಎತ್ತ ನೋಡಿದರೂ ಎರೆ ಹೊಲ, ನಡುವೆ ಒಂದು ಊರು ಎಂದಿಟ್ಟುಕೊಳ್ಳಿ. ಆ ಸೀಮೆಯಲ್ಲಿ ಅಂಥ ಊರುಗಳು ಬೇಕಾದಷ್ಟಿವೆ, ಅವುಗಳಲ್ಲಿ ಯಾವುದಾದರೂ ಆದೀತು.

ನನ್ನದು ಗಜೇಂದ್ರಗಡ. ಮನೆತನದ ಕಸುಬು ನೇಯ್ಗೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂಡುವ ತಾಳ್ಮೆ ನನಗಿರಲಿಲ್ಲ, ಹಾರ್ಮೋನಿಯಂ ಪೇಟಿ ಹಿಡಿದೆ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಊರೂರಿನ ಹುಡುಗರಿಗೆ ತಾಲೀಮು ಕೊಟ್ಟು, ಪೇಟಿ ನುಡಿಸಿ, ಒಂದು ನಾಟಕ ದಡ ಮುಟ್ಟಿಸಿ ಬರುವುದು ನನ್ನ ಕೆಲಸ. ಅಲ್ಲಿಯವರೆಗೆ ನಾನು ಆಡಿಸಿದ್ದೆಲ್ಲ ರಾಜರ ನಾಟಕಗಳು. ಎಲ್ಲರಿಗೂ ಕಿರೀಟ ಬೇಕು, ಎಲ್ಲರಿಗೂ ಕತ್ತಿ ಬೇಕು. ಬಾಗಿಲು ಕಾಯುವವನ ಪಾರ್ಟು ಬಂದವನೂ ಎದೆಗೆ ತಗಡಿನ ಕವಚ ಕಟ್ಟಿಸಿಕೊಳ್ಳದೆ ಬಿಡುತ್ತಿರಲಿಲ್ಲ.

ಆ ಊರಿನ ಗೌಡರ ಮೊಮ್ಮಗ ಧಾರವಾಡದಲ್ಲಿ ವಕೀಲಿ ಓದುತ್ತಿದ್ದ. ಊರವರು ಅವನನ್ನು ಸಣ್ಣಗೌಡ ಎಂದು ಕರೆಯುತ್ತಿದ್ದರು. ಹುಡುಗ ತೆಳ್ಳಗೆ, ಬೆಳ್ಳಗೆ, ಮಾತಿನಲ್ಲಿ ಬೆಂಕಿ. ನಾನು ಹೋದ ದಿನವೇ ರಟ್ಟು ಹರಿದ ಒಂದು ಪುಸ್ತಕವನ್ನು ನನ್ನ ಕೈಗಿಟ್ಟ. ಕಡಲಾಚೆಯ ದೇಶದ ಹಳೆಯ ಕಾದಂಬರಿ, ಮರಾಠಿಗೆ ಬಂದದ್ದು. ಅಲ್ಲಿ ಕರಿಯ ಮೈಬಣ್ಣದವರನ್ನು ಬಿಳಿಯರು ದನಗಳಂತೆ ಕೊಂಡು ಮಾರುತ್ತಿದ್ದ ಕಾಲದ ಕತೆ.

"ಈ ಸಲ ರಾಜಾ ರಾಣಿ ಬ್ಯಾಡ್ರಿ ಮಾಸ್ತರ, ಇದನ್ನ ಆಡೂಣು. ಇದನ್ನ ಓದಿದ ಮ್ಯಾಲ ನನಗ ನಿದ್ದಿ ಹತ್ತವಲ್ದು" ಎಂದ.

ನಾನೂ ಓದಿದೆ. ನಾಟಕದವನಿಗೆ ಕಣ್ಣೀರು ಹಾಕುವುದು ದೊಡ್ಡ ಮಾತಲ್ಲ, ಆದರೆ ಆ ಪುಸ್ತಕ ನನ್ನನ್ನು ಕಸುಬು ಮರೆಸಿ ಅಳಿಸಿತು. ಒಬ್ಬ ಮುದಿ ಗುಲಾಮ. ಒಳ್ಳೆಯವನಾದ ಮೊದಲ ಧಣಿ ಸಾಲಕ್ಕೆ ಸಿಕ್ಕು ಅವನನ್ನು ಮಾರಿಬಿಡುತ್ತಾನೆ. ಕೊಂಡವನು ಕಟುಕ. ಮೊದಲ ಧಣಿಯ ಮಗ ದೊಡ್ಡವನಾಗಿ, ಬಾಲ್ಯದಲ್ಲಿ ತನ್ನನ್ನು ಎತ್ತಿ ಆಡಿಸಿದ ಮುದುಕನನ್ನು ಬಿಡಿಸಿಕೊಂಡು ಹೋಗಲು ಬರುವಷ್ಟರಲ್ಲಿ ಮುದುಕ ಚಾಟಿಯೇಟು ತಿಂದು ಸಾಯುತ್ತಿರುತ್ತಾನೆ. ಹುಡುಗ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಕುಡಿಸುತ್ತಾನೆ. ಇಷ್ಟನ್ನು ಉಳಿಸಿಕೊಂಡು ಮಿಕ್ಕ ಕವಲುಗಳನ್ನೆಲ್ಲ ಕಡಿದು ಹಾಕಿದೆ.

ನಾಟಕಕ್ಕೆ ಇಳಿಸುವಾಗ ಕೆಲವು ಸಂಗತಿಗಳು ತಾವಾಗಿಯೇ ನಮ್ಮವಾಗಿ ಬಂದವು. ಗುಲಾಮರು ಹತ್ತಿ ಬಿಡಿಸುತ್ತಾರೆ ಎಂದು ಪುಸ್ತಕದಲ್ಲಿತ್ತು. ಎರೆ ಸೀಮೆಯವರಿಗೆ ಹತ್ತಿ ಬಿಡಿಸುವುದನ್ನು ನಾನು ಹೇಳಿಕೊಡಬೇಕೆ? ದೇವರ ಹಾಡುಗಳಿದ್ದ ಕಡೆ ತತ್ವಪದದ ಮಟ್ಟಿನಲ್ಲಿ ಹೊಸ ಪದ ಕಟ್ಟಿದೆ. ಮನುಷ್ಯರನ್ನು ಹರಾಜು ಹಾಕುವ ದೃಶ್ಯಕ್ಕೆ ಮಾತ್ರ ಬಹಳ ತಿಣುಕಿದೆ. ಕೊನೆಗೆ ನಮ್ಮ ದನದ ಸಂತೆಯನ್ನೇ ತಂದು ಕೂರಿಸಿದೆ. ನಮ್ಮಲ್ಲಿ ಎತ್ತಿನ ದರ ಬಾಯಲ್ಲಿ ಹೇಳುವುದಿಲ್ಲ; ಕೊಳ್ಳುವವನು, ಮಾರುವವನು ಹೆಗಲ ಮೇಲಿನ ವಲ್ಲಿಯ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಕುದುರಿಸುತ್ತಾರೆ. ನನ್ನ ನಾಟಕದಲ್ಲಿ ಮುದುಕನನ್ನು ನಡುವೆ ನಿಲ್ಲಿಸಿ, ಬಾಯಿ ತೆರೆಸಿ ಹಲ್ಲು ನೋಡಿ, ಅವನ ಕಣ್ಣ ಮುಂದೆಯೇ ಇಬ್ಬರು ವಲ್ಲಿಯ ಕೆಳಗೆ ಬೆರಳು ಹಿಡಿಯುತ್ತಾರೆ. ಮಾತೇ ಇಲ್ಲದ ಆ ದೃಶ್ಯ ಇಡೀ ನಾಟಕದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಎಂದು ಈಗಲೂ ಅನ್ನಿಸುತ್ತದೆ.

ಒಂದು ದೃಶ್ಯವನ್ನು ತೆಗೆಯಬೇಕಾಯಿತು, ಅದೂ ನಾನು ಎಣಿಸದ ಕಾರಣಕ್ಕೆ. ಗೌಡರ ಪಡಸಾಲೆಯಲ್ಲಿ ಹಿರಿಯರ ಮುಂದೆ ನಾಟಕ ಓದುತ್ತಿದ್ದೆ. ಗುಲಾಮ ಹೆಂಗಸು ಧಣಿಯ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಾಳೆ, ಧಣಿಯ ಮಕ್ಕಳು ಅವಳ ಸುತ್ತ ಕೂತು ಉಣ್ಣುತ್ತಾರೆ ಎಂಬಲ್ಲಿಗೆ ಬಂದಾಗ ಹಿರಿಯ ಗೌಡರು ಕೈ ಎತ್ತಿ ನಿಲ್ಲಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ನನಗೆ ಎರಡೂ ಹೊತ್ತು ಊಟ ಮುಟ್ಟಿಸಿ, ಬಾಯಿ ತುಂಬ ಮಾತಾಡಿಸುತ್ತಿದ್ದವರು.

"ಅವ್ರ ಕೈಯಾಗಿಂದು ಉಣ್ತಾರಂದ್ರ ಅವ್ರು ಗುಲಾಮ್ರು ಹ್ಯಾಂಗ ಆಗ್ತಾರ್ರೀ ಮಾಸ್ತರ? ಇದು ಹೊಂದೂದಿಲ್ಲ, ತಗೀರಿ" ಎಂದರು.

ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಹೌದು ಹೌದು ಎಂದರು. ಅವರು ಯಾರೂ ಕುಚೋದ್ಯಕ್ಕೆ ಅನ್ನಲಿಲ್ಲ; ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಸಣ್ಣಗೌಡ ಬಣ್ಣದ ಭೇದ ಎಂದರೇನು ಎಂದು ಹತ್ತು ಬಗೆಯಲ್ಲಿ ಹೇಳಿ ನೋಡಿದ. ನಂಬದ ಮಂದಿಯ ಮುಂದೆ ನಾಟಕ ಆಡಿ ಏನು ಉಪಯೋಗ ಎಂದು ನಾನು ಅಡುಗೆಮನೆಯನ್ನು ಕೈಬಿಟ್ಟೆ.

ತಾಲೀಮಿಗೆ ಗೌಡರ ಕೋಠಿ ಕೊಟ್ಟರು. ಹತ್ತಿ ಪೇಟೆಗೆ ಹೋಗಿ ಕೋಠಿ ಖಾಲಿಯಾಗಿತ್ತು, ಮೂಲೆಯಲ್ಲಿ ಮಾತ್ರ ಹತ್ತಿಯ ಎಳೆಗಳು ಹಾರಾಡುತ್ತಿದ್ದವು. ಪಾರ್ಟು ಹಂಚುವ ದಿನ ಗಲಾಟೆಯಾಯಿತು. ಒಳ್ಳೆಯ ಧಣಿಯ ಪಾರ್ಟಿಗೆ ಜಗಳ, ಕಟುಕ ಧಣಿಯ ಪಾರ್ಟಿಗೆ ಅದಕ್ಕಿಂತ ದೊಡ್ಡ ಜಗಳ, ಯಾಕೆಂದರೆ ಕೈಯಲ್ಲಿ ಚಾಟಿ ಇರುತ್ತದೆ. ಧಣಿಯ ಮಗ ಸಣ್ಣಗೌಡನೇ ಎನ್ನುವುದರಲ್ಲಿ ತಕರಾರಿರಲಿಲ್ಲ. ಗುಲಾಮನ ಪಾರ್ಟು ಎಂದ ಕೂಡಲೇ ಎಲ್ಲರೂ ಜಂತಿ ಎಣಿಸತೊಡಗಿದರು. ಇಡೀ ನಾಟಕದ ಪದಗಳೆಲ್ಲ ಅವನವೇ, ನಾಯಕ ಅವನೇ ಎಂದು ಗಂಟಲು ಹರಿದುಕೊಂಡೆ. ಮಾತಿಗೆ ಮರುಳಾಗಿ ಒಬ್ಬ ರೈತ ಹುಡುಗ ಒಪ್ಪಿದ. ಒಳ್ಳೆಯ ದನಿ, ಸ್ವಲ್ಪ ಸೋಮಾರಿ. ನಾಟಕ ಹತ್ತಿರ ಬಂದಾಗ ಒಂದು ಸಂಜೆ ಅವನ ಬದಲು ಅವನ ಸೋದರಮಾವ ಬಂದ. ಮಂದಿ ಮುಂದೆ ಒದೆ ತಿಂದವನಿಗೆ ಹೆಣ್ಣು ಕೊಡುವವರು ಯಾರು ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಹೋದ.

ನನಗೆ ಸಿಟ್ಟು ಬೇಗ. ಆ ಸಂಜೆ ಪೇಟಿ ಮುಚ್ಚಿ ಗಜೇಂದ್ರಗಡದ ಗಾಡಿ ಹಿಡಿಯುವವನಿದ್ದೆ. ಸಣ್ಣಗೌಡ ಕೈ ಹಿಡಿದು ಕೂರಿಸಿದ. ಸದ್ಯಕ್ಕೆ ತಾಲೀಮು ನಿಲ್ಲಬಾರದು, ಮುದುಕನ ಮಾತುಗಳನ್ನು ಯಾರಾದರೂ ಹೇಳಿದರೆ ಸಾಕು, ಉಳಿದವರಿಗೆ ತಮ್ಮ ಮಾತು ಯಾವಾಗ ಎಂದು ತಿಳಿಯುತ್ತದೆ ಎಂದ. ಯಾರು ಹೇಳುವುದು ಎಂದು ಸುತ್ತ ನೋಡಿದಾಗ ಹೊಸ್ತಿಲಾಚೆಯಿಂದ ಮುದುಕನ ಮೊದಲ ಮಾತು ಕೇಳಿಬಂತು. ಹಲಗೆ ಬಾರಿಸುವವನ ದನಿ.

ಅವನು ಹರಿಜನ ಕೇರಿಯವನು. ಊರಲ್ಲಿ ಡಂಗುರ ಸಾರುವುದು, ಹಲಗೆ ಬಾರಿಸುವುದು ಅವನ ಮನೆತನಕ್ಕೆ ಬಂದದ್ದು, ಮಿಕ್ಕ ದಿನಗಳಲ್ಲಿ ಗೌಡರ ಹೊಲದಲ್ಲಿ ಆಳು. ಹರಾಜಿನ ದೃಶ್ಯಕ್ಕೆ ಹಲಗೆ ಬಾರಿಸಲು ನಾನೇ ಅವನನ್ನು ಗೊತ್ತು ಮಾಡಿದ್ದೆ. ದಿನವೂ ಬಂದು ಕೋಠಿಯ ಹೊಸ್ತಿಲಾಚೆ ಕೂತು, ತನ್ನ ಸರದಿ ಬಂದಾಗ ಬಾರಿಸಿ ಸುಮ್ಮನಾಗುತ್ತಿದ್ದ. ಅಲ್ಲಿ ಕೂತೇ ಮುದುಕನ ಮಾತುಗಳೆಲ್ಲ ಅವನ ಬಾಯಿಗೆ ಬಂದಿದ್ದವು. ಹತ್ತಿ ತುಂಬಿದ ಅಂಡಿಗೆ ಹೊತ್ತು ಅದೇ ಕೋಠಿಯ ಒಳಗೆ ನೂರು ಸಲ ಬಂದು ಹೋದವನಿಗೆ, ಬೆನ್ನ ಮೇಲೆ ಅಂಡಿಗೆ ಇಲ್ಲದಾಗ ಹೊಸ್ತಿಲು ಅಡ್ಡ ಬರುತ್ತಿತ್ತು.

ಹಾಗೆ ಒಂದು ವಾರ ಅವನು ಹೊರಗಿನಿಂದ ಮಾತು ಹೇಳಿದ, ಇವರು ಒಳಗೆ ಆಡಿದರು. ಹೊಸಬನೊಬ್ಬ ಸಿಗಲಿ ಎಂದು ಕಾಯುತ್ತಿದ್ದ ನನಗೆ, ಹೊಸಬ ಸಿಕ್ಕಿಯಾಗಿದೆ ಎಂದು ಹೊಳೆದದ್ದು ತಡವಾಗಿ. ಒಂದು ಸಂಜೆ ಕೊನೆಯ ಪದವನ್ನು ಅವನು ಹೇಳುವ ಬದಲು ಮೆಲ್ಲಗೆ ಹಾಡಿಬಿಟ್ಟ. ನಾನು ಕಟ್ಟಿದ ಪದವೇ.

ಬಿಸಿಲೆಲ್ಲ ನನದಾತು, ನೆರಳೊಂದು ಕೊಡು ತಂದೆ,
ಹಾದಿಯೆಲ್ಲ ನಡೆದೇನು, ಬಾಗಿಲ ತೆರಿ ತಂದೆ.

ಜೋಗಿಯಾ ರಾಗದಲ್ಲಿ ಕೂರಿಸಿದ್ದೆ. ಕಲಿತ ದನಿಯಲ್ಲ, ಡಂಗುರ ಸಾರಿ ಒರಟಾದ ದನಿ. ಮೇಲಿನ ಸ್ವರಕ್ಕೆ ಹೋದಾಗ ಅಂಚು ಸ್ವಲ್ಪ ಬಿರಿಯುತ್ತಿತ್ತು. ಅದು ಬಿರಿದಾಗ ಕೋಠಿಯೊಳಗಿದ್ದವರೆಲ್ಲ ತಿರುಗಿ ಬಾಗಿಲ ಕಡೆ ನೋಡಿದರು. ಇವನೇ ಆಡಬೇಕು, ಇಲ್ಲದಿದ್ದರೆ ನಾಟಕವೇ ಬೇಡ ಎಂದು ಅಲ್ಲೇ ಸಣ್ಣಗೌಡನಿಗೆ ಹೇಳಿದೆ. ಅವನು ಅದನ್ನೇ ಕಾಯುತ್ತಿದ್ದವನಂತೆ ನನ್ನನ್ನು ಅಪ್ಪಿಕೊಂಡ.

ಹಿರಿಯರ ಒಪ್ಪಿಗೆ ಪಡೆಯುವುದು ಕಷ್ಟವಾದೀತು ಎಂದು ಎದೆ ಗಟ್ಟಿ ಮಾಡಿಕೊಂಡು ಹೋದೆವು. ಸಣ್ಣಗೌಡ ಅಸ್ಪೃಶ್ಯತೆಯ ಮೇಲಿನ ಹೊಸ ಕಾಯಿದೆಯ ಮಾತೆಲ್ಲ ತಯಾರು ಮಾಡಿಕೊಂಡಿದ್ದ. ಕಾಯಿದೆಯ ಅವಶ್ಯಕತೆಯೇ ಬೀಳಲಿಲ್ಲ. ಹಿರಿಯ ಗೌಡರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡು, "ಗುಲಾಮನ ಪಾರ್ಟ್ ಅಲ್ಲೇನ್ರಿ? ಅಡ್ಡಿ ಇಲ್ಲ. ಹೊಂದತೈತಿ" ಎಂದರು. ಅಷ್ಟೇ. ಗಣಪತಿ ಪೂಜೆಯಾದ ಮೇಲೆ ಹಿಂದಿನ ಏಣಿಯಿಂದ ರಂಗ ಹತ್ತಲಿ ಎಂದು ಸೇರಿಸಿದರು. ಹೊರಗೆ ಬಂದಾಗ ಸಣ್ಣಗೌಡ ಗೆದ್ದ ಖುಷಿಯಲ್ಲಿದ್ದ. ನನಗೆ ಆ 'ಹೊಂದತೈತಿ' ಎಂಬುದು ಚುಚ್ಚಿತು, ಆದರೂ ಬಂದದ್ದನ್ನು ಬಿಡಲು ಮನಸ್ಸಿರಲಿಲ್ಲ.

ಹಲಗೆಯವನನ್ನು ಕರೆದು ಹೇಳಿದಾಗ ಅವನು ಹಿಗ್ಗಲಿಲ್ಲ. ಕೋಠಿಯ ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಆ ದೇಶದಲ್ಲಿ ಧಣಿಗಳು ಗುಲಾಮರ ಕೈ ಅಡುಗೆ ಉಂಡದ್ದು ನಿಜವೇ ಎಂದು ಕೇಳಿದ. ತೆಗೆದುಹಾಕಿದ ದೃಶ್ಯದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ನಿಜ ಎಂದೆ. ಕೊನೆಯಲ್ಲಿ ಧಣಿಯ ಮಗ ಮುದುಕನ ತಲೆ ಎತ್ತಿ ನೀರು ಕುಡಿಸುವುದು ಪುಸ್ತಕದಲ್ಲೇ ಇದೆಯೋ, ನೀವು ಸೇರಿಸಿದ್ದೋ ಎಂದು ಕೇಳಿದ. ತಲೆ ತೊಡೆಯ ಮೇಲಿಡುವುದು, ನೀರು, ಎಲ್ಲ ಪುಸ್ತಕದ್ದೇ ಎಂದೆ.

"ನಮ್ಮಪ್ಪನ ಮ್ಯಾಲ ಅಂಡಿಗಿ ಬಿದ್ದಾಗ ಸುತ್ತ ಮಂದಿ ಭಾಳ ಇದ್ರಂತ್ರಿ" ಎಂದ. "ನೀರು ಅಂದ್ನಂತ. ನಿಂತಲ್ಲಿಂದನ ಮ್ಯಾಲಿಂದ ಬಾಯಾಗ ಬಿಟ್ರಂತ. ತಲಿ ಎತ್ತವ್ರು ಯಾರೂ ಇರಲಿಲ್ಲ. ನೀರು ಮೂಗಿಗೆ ಹೋತಂತ. ನಮ್ಮವ್ವ ಕೇರಿಯಿಂದ ಓಡಿ ಬರೂದ್ರಾಗ ಮುಗದಿತ್ತು."

ಅವನು ಕಣ್ಣೆತ್ತಿ ನನ್ನ ಕಡೆ ನೋಡಿದ.

"ಪಾರ್ಟ್ ಮಾಡ್ತೇನ್ರಿ ಮಾಸ್ತರ. ನನಗ ಬ್ಯಾರೆ ಏನೂ ಬ್ಯಾಡ. ಬುಕ್ಕಿನ್ಯಾಗ ಹ್ಯಾಂಗ ಐತಿ ಹಂಗ ತಲಿ ಎತ್ತಿ ನೀರು ಕುಡಸ್ರಿ, ಸಾಕು."

ಸಣ್ಣಗೌಡ ಪಕ್ಕದಲ್ಲೇ ನಿಂತಿದ್ದ. ಕಣ್ಣು ತುಂಬಿಕೊಂಡು, ನಾನು ಹಿಡೀತೇನಿ, ಮಂದಿ ಮುಂದ ಹಿಡೀತೇನಿ ಎಂದು ಮಾತು ಕೊಟ್ಟ. ಆ ಹೊತ್ತಿನಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ.

ಮರುದಿನದಿಂದ ಹಲಗೆಯವನು ಹೊಸ್ತಿಲು ದಾಟಿ ಬಂದ. ಒಬ್ಬಿಬ್ಬರು ಹುಡುಗರು ಗೋಡೆಗೆ ಸರಿದು ನಿಂತರು, ಹೋಗಲಿಲ್ಲ. ಸಣ್ಣಗೌಡ ಮೊದಲ ದಿನ ಅವನ ತಲೆ ಎತ್ತುವಾಗ ಬೆರಳ ತುದಿ ಮಾತ್ರ ತಾಗಿಸಿದ, ಆಮೇಲೆ ಸರಾಗವಾಯಿತು. ತೊಡೆಯ ಮೇಲೆ ತಲೆ ಇಟ್ಟುಕೊಂಡಾಗ ಹಾಡುವವನ ಉಸಿರು ಕಟ್ಟುತ್ತಿತ್ತು, ಗಂಟಲು ಮಡಚಿಕೊಳ್ಳುತ್ತಿತ್ತು. ಇಬ್ಬರನ್ನೂ ಹತ್ತಾರು ಸಲ ಕೂರಿಸಿ ಎಬ್ಬಿಸಿ, ಎಡ ಮೊಣಕಾಲು ನೆಲಕ್ಕೆ ಊರಿ ಬಲ ತೊಡೆ ಎತ್ತರ ಮಾಡಿದರೆ ದನಿ ಬಿಡುಗಡೆಯಾಗುತ್ತದೆ ಎಂದು ಕಂಡುಕೊಂಡೆವು. ಒಂದು ಗುಟುಕು ನೀರು, ಒಂದು ಉಸಿರು, ಆಮೇಲೆ ಪದ. ಪೇಟಿಯ ಎರಡನೆಯ ಕರಿ ಮನೆಯ ಸುರ ಅವನ ದನಿಗೆ ಸರಿಯಾಗಿ ಕೂತಿತು.

ಇನ್ನೊಂದು ಮಾತನ್ನೂ ಎಲ್ಲರಿಗೂ ಒತ್ತಿ ಹೇಳಿದೆ. ನಮ್ಮ ಕಡೆಯ ನಾಟಕಗಳಲ್ಲಿ ಸತ್ತವನು ಸತ್ತೇ ಇರಬೇಕೆಂಬ ಕಟ್ಟಳೆ ಇಲ್ಲ. ಪದ ಚಲೋ ಆಯಿತೋ, ಮಂದಿ 'ವನ್ಸ್ ಮೋರ್' ಎಂದು ಕೂಗುತ್ತಾರೆ. ಹೆಣ ಎದ್ದು, ಮುಂದೆ ಬಂದು, ಕೈ ಮುಗಿದು, ಪದವನ್ನು ಇನ್ನೊಮ್ಮೆ ಹಾಡಿ, ಹೋಗಿ ಮತ್ತೆ ಸಾಯುತ್ತದೆ. ನಾನೇ ಎಷ್ಟು ಹೆಣಗಳಿಗೆ ಎರಡನೇ ಸಲ ಪೇಟಿ ನುಡಿಸಿದ್ದೇನೋ. ಈ ನಾಟಕದಲ್ಲಿ ಅದು ಕೂಡದು ಎಂದೆ. ಯಾರು ಎಷ್ಟೇ ಕೂಗಲಿ, ಮುದುಕ ಏಳಬಾರದು, ಅವನು ಸತ್ತನೆಂದರೆ ಸತ್ತ. ಹಲಗೆಯವನು ಹೂಂ ಎಂದ.

ಅವನ ತಾಯಿಯನ್ನು ಕಂಡದ್ದು ಆ ದಿನಗಳಲ್ಲೇ. ತಾಲೀಮು ಮುಗಿಸಿ ಹೊರಬಂದಾಗ ಕೋಠಿಯ ಮುಂದಿನ ಬೇವಿನ ಗಿಡದ ಕೆಳಗೆ ಕೋಲೂರಿ ನಿಂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿದ್ದವು. ನನ್ನ ಚಪ್ಪಲಿಯ ಸದ್ದಿನ ಮೇಲೆ ಮಾಸ್ತರ ಎಂದು ಗುರುತು ಹಿಡಿದು, ಗೌಡರ ಮನೆಯ ಕೂಸು ತನ್ನ ಮಗನ ತಲೆ ಹಿಡಿಯುವುದು ಖರೆಯೇ ಎಂದು ಕೇಳಿದಳು. ಖರೆ, ದಿನಾ ಹಿಡಿಯುತ್ತಾರೆ ಎಂದೆ.

"ಮಂದಿ ಮುಂದ?"

"ಮಂದಿ ಮುಂದನೂ ಹಿಡೀತಾರವ್ವಾ."

ಮುದುಕಿ ಕೋಲಿನ ಮೇಲೆ ಗದ್ದ ಊರಿದಳು. ಆಮೇಲೆ, ಕಣ್ಣು ಕಾಣದಿದ್ದರೂ ನಾಟಕಕ್ಕೆ ಬರುತ್ತೇನೆ ಎಂದಳು.

ಪರದೆ, ಉಡುಪುಗಳನ್ನು ನರಗುಂದದಿಂದ ಬಾಡಿಗೆಗೆ ತರಿಸಿದೆವು. ಬಣ್ಣ ಹಚ್ಚುವವನೂ ಆ ಗಾಡಿಯಲ್ಲೇ ಬಂದ. ಅವನ ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಮುಖವನ್ನು ಬೆಳ್ಳಗೆ, ಕೆಂಪಗೆ ಮಾಡುವ ಬಣ್ಣ. ಬಿಳಿ ಪುಡಿ, ಹಳದಿ ಅರದಾಳ, ಕುಂಕುಮ. ಇಷ್ಟು ವರ್ಷ ಕರಿಯ ರೈತರನ್ನು ಕೆಂಪು ರಾಜರನ್ನಾಗಿ ಮಾಡುತ್ತ ಬಂದವನಿಗೆ ನಾಯಕನನ್ನು ಕಪ್ಪು ಮಾಡು ಎಂದಾಗ ನಗು ಬಂತು. ದೀಪದ ಕಾಡಿಗೆಯನ್ನು ನೀರಲ್ಲಿ ಕಲಸಿದರೆ ಬೆವರಿಗೆ ಇಳಿಯುತ್ತಿತ್ತು, ಔಡಲ ಎಣ್ಣೆಯಲ್ಲಿ ಕಲಸಿ ಕೊಟ್ಟೆವು. ಹಚ್ಚುವ ಹೊತ್ತಿಗೆ ಬಣ್ಣದವನು ಬಟ್ಟಲನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಹಲಗೆಯವನು ಏನೂ ಅನ್ನದೆ ಕನ್ನಡಿ ಹಿಡಿದು ತಾನೇ ಹಚ್ಚಿಕೊಂಡ. ಕಿವಿಯ ಹಿಂದೆ ಉಳಿದ ಜಾಗಕ್ಕೆ ನಾನು ಹಚ್ಚಿದೆ.

ನಾಟಕದ ದಿನ ಮಧ್ಯಾಹ್ನವೇ ನರಗುಂದದ ಕಡೆಯಿಂದ ಇನ್ನೊಂದು ಗಾಡಿ ಬಂದಿತ್ತು. ಸಣ್ಣಗೌಡನಿಗೆ ಹೆಣ್ಣು ಕೊಡುವ ಮಾತಿನಲ್ಲಿದ್ದ ಮನೆಯವರು, ಹುಡುಗನನ್ನೂ ನಾಟಕವನ್ನೂ ಒಟ್ಟಿಗೆ ನೋಡಿಕೊಂಡು ಹೋಗಲು ಬಂದವರು. ಅವರಿಗಾಗಿ ರಂಗದ ಮುಂದೆ ಖುರ್ಚಿ ಹಾಕಿಸಿದ್ದರು. ನಾನು ಅದಕ್ಕೆ ಮಹತ್ವ ಕೊಡಲಿಲ್ಲ. ನನ್ನ ತಲೆಯಲ್ಲಿ ಗ್ಯಾಸ್‌ಬತ್ತಿ, ಪರದೆಯ ಹಗ್ಗ, ತಬಲಾದವನ ಶೀತ ಇವೇ ತುಂಬಿದ್ದವು. ಸಣ್ಣಗೌಡ ಸಂಜೆಯಿಂದ ನನ್ನ ಕಣ್ಣು ತಪ್ಪಿಸುತ್ತಿದ್ದ. ಅಂಜಿಕೆ ಇರಬೇಕು ಎಂದುಕೊಂಡೆ.

ನಾಟಕ ಎಂದಿನಂತೆ ಹೊತ್ತು ಮುಳುಗಿ ಊಟವಾದ ಮೇಲೆ ಶುರುವಾಗಿ ಬೆಳಗಿನ ಕಡೆ ಮುಗಿಯುವಂಥದು. ಮೊದಲರ್ಧ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋಯಿತು. ಹರಾಜಿನಲ್ಲಿ ವಲ್ಲಿಯ ಕೆಳಗೆ ಕೈ ಸೇರಿದಾಗ ರೈತರೆಲ್ಲ ಗುರುತು ಹಿಡಿದು ಘೊಳ್ಳೆಂದು ನಕ್ಕರು. ದರ ಗಟ್ಟಿಯಾಗಿ, ಕೊಂಡವನು ಮುದುಕನ ಕೊರಳಿಗೆ ಎತ್ತಿನ ಹಗ್ಗ ಹಾಕಿ ಎಳೆದಾಗ ನಗು ಅಲ್ಲಲ್ಲೇ ನಿಂತಿತು. ಯಾವುದೋ ಹೆಂಗಸು ಅಯ್ಯೋ ಶಿವನೇ ಎಂದಳು. ಆಮೇಲೆ ಹೆಂಗಸರ ಕಡೆಯಿಂದ ಮೂಗು ಏರಿಸುವ ಸದ್ದು ನಿಲ್ಲಲೇ ಇಲ್ಲ. ಚಾಟಿಯ ದೃಶ್ಯದಲ್ಲಿ ಮಂದಿ ಕಟುಕ ಧಣಿಗೆ ಹಿಡಿಹಿಡಿ ಶಾಪ ಹಾಕಿದರು. ಅವನಿಗೆ ಅದರಿಂದ ಇನ್ನಷ್ಟು ಹುರುಪು ಬಂದು ಏಟು ಜೋರಾದವು. ಹಿರಿಯ ಗೌಡರು ವಲ್ಲಿಯಿಂದ ಕಣ್ಣೊರೆಸಿಕೊಳ್ಳುವುದನ್ನು ಪೇಟಿಯ ಹಿಂದಿನಿಂದ ನಾನೇ ನೋಡಿದೆ. ಆ ಕಣ್ಣೀರೂ ಸುಳ್ಳಲ್ಲ.

ಕೊನೆಯ ದೃಶ್ಯಕ್ಕೆ ಮೂಡಣ ಬೆಳ್ಳಗಾಗುತ್ತಿತ್ತು. ಮುದುಕ ರಂಗದ ನೆಲದ ಮೇಲೆ ಅಂಗಾತ ಬಿದ್ದಿದ್ದ. ಧಣಿಯ ಮಗ ತಾಮ್ರದ ಚೆಂಬು ಹಿಡಿದು ಓಡಿ ಬಂದ. ತಾಲೀಮಿನಲ್ಲಿ ಬಂದವನೇ ಮೊಣಕಾಲೂರುತ್ತಿದ್ದ. ಈಗ ಬಂದವನು ನಿಂತ. ಮಾತುಗಳನ್ನು ಹೇಳಿದ, ಒಂದೂ ತಪ್ಪಲಿಲ್ಲ, ದನಿಯೂ ಗದ್ಗದವಾಗಿತ್ತು. ಕಣ್ಣು ಮಾತ್ರ ಒಂದು ಸಲ ಮುಂದಿನ ಖುರ್ಚಿಗಳ ಕಡೆ ಹೋಗಿ ಬಂತು. ನಾನು ಪೇಟಿಯ ಮೇಲಿಂದ ಬಾಗಿ, ಕೂಡು, ಕೂಡು ಎಂದು ಕೈಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಸೊಂಟ ಬಗ್ಗಿಸಿ, ಚೆಂಬನ್ನು ಮೇಲಿಂದಲೇ ಓರೆ ಮಾಡಿ, ಮುದುಕನ ಬಾಯಿಗೆ ನೀರು ಬಿಟ್ಟ.

ನಾನು ಸುರ ಕೊಡುವುದನ್ನು ಮರೆತೆ.

ಹಲಗೆಯವನು ಒಂದು ಕ್ಷಣ ಕಣ್ಣು ತೆರೆದು ಮೇಲೆ ನೋಡಿದ. ನೀರು ಅವನ ಕೆನ್ನೆಯ ಮೇಲೆ, ಕಿವಿಯ ಕಡೆ ಹರಿಯಿತು. ಆಮೇಲೆ ಅವನು ತಲೆಯನ್ನು ತಾನೇ ಎತ್ತಿದ. ಭುಜ ನೆಲ ಬಿಡಲಿಲ್ಲ, ಕೈ ಊರಲಿಲ್ಲ. ಕುತ್ತಿಗೆಯೊಂದೇ ಮೇಲೆದ್ದಿತು, ತಾಲೀಮಿನಲ್ಲಿ ತೊಡೆ ಇರುತ್ತಿದ್ದ ಅಷ್ಟೇ ಎತ್ತರಕ್ಕೆ. ಬಾಯಿ ತೆರೆದು ಒಂದು ಗುಟುಕು ನೀರು ಕುಡಿದ. ತಲೆಯನ್ನು ಕೆಳಗಿಡದೆ ಸುರಕ್ಕೆ ಕಾದ. ನಾನು ಹೇಗೋ ಸುರ ಕೊಟ್ಟೆ. ಪದ ಶುರು ಮಾಡಿದ.

ಇಡೀ ಪದವನ್ನು ಹಾಗೆಯೇ ಹಾಡಿದ. ಇಲ್ಲದ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹಾಡಿದ. ಅದು ಸಣ್ಣ ಪದವಲ್ಲ. ಎರಡನೆಯ ನುಡಿಗೆ ಬರುವಾಗ ಅವನ ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದು ಎಣ್ಣೆಗಪ್ಪಿನ ಮೇಲೆ ಎದ್ದು ಕಾಣುತ್ತಿದ್ದವು. ಬೇಗ ಮುಗಿಯಲಿ ಎಂದು ನಾನು ಲಯ ಏರಿಸಲು ನೋಡಿದೆ, ಅವನು ಏರಲಿಲ್ಲ. ಪದ ಮುಗಿಸಿ, ತಲೆಯನ್ನು ಸದ್ದಾಗದಂತೆ ನೆಲಕ್ಕೆ ಇಳಿಸಿ, ಕಣ್ಣು ಮುಚ್ಚಿದ.

ಮಂದಿಗೆ ಅದು ಅಭಿನಯವಾಗಿ ಕಂಡಿತು. ಎದ್ದು ನಿಂತು ಅಳುತ್ತ ಚಪ್ಪಾಳೆ ತಟ್ಟಿದರು. ಆಮೇಲೆ ಕೂಗು ಎದ್ದಿತು, ವನ್ಸ್ ಮೋರ್, ವನ್ಸ್ ಮೋರ್. ಖುರ್ಚಿಯವರೂ ಕೂಗಿದರು. ನಾನು ಪೇಟಿಯ ತಿದಿ ಒತ್ತಿ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟು ಕೂತೆ. ಇನ್ನೊಮ್ಮೆ ಆ ಕುತ್ತಿಗೆಯನ್ನು ಎತ್ತಿಸಲು ನನ್ನಿಂದಾಗುವುದಿಲ್ಲ, ಏನು ಬೇಕಾದರೂ ಎಸೆಯಲಿ ಎಂದು ನಿರ್ಧಾರ ಮಾಡಿದ್ದೆ. ಕೂಗು ಹೆಚ್ಚಾಯಿತು. ಸಣ್ಣಗೌಡ ಖಾಲಿ ಚೆಂಬು ಹಿಡಿದು ಅಲ್ಲೇ ನಿಂತಿದ್ದ. ಅವನ ಮುಖದ ಬಿಳಿ ಬಣ್ಣದ ಮೇಲೆ ಕಣ್ಣೀರು ಗೀರು ಎಳೆದಿತ್ತು.

ಕೆಳಗಿನಿಂದ, ಕಣ್ಣು ಮುಚ್ಚಿಕೊಂಡೇ, ಹಲಗೆಯವನು ಹೇಳಿದ. ನನಗೆ ಕೇಳುವಷ್ಟೇ.

"ಸುರ ಕೊಡ್ರಿ, ಮಾಸ್ತರ."

ಬೇಡ ಎಂದು ತಲೆ ಆಡಿಸಿದೆ. ಅವನು ನೋಡುತ್ತಿರಲಿಲ್ಲ. ಮತ್ತೆ, ಕೊಡ್ರಿ ಎಂದ. ನಾನು ಪೇಟಿ ತೆರೆದೆ.

ಅವನು ಎದ್ದ. ಮುಂದೆ ಬಂದು, ಮಂದಿಯ ಎದುರು ನೆಟ್ಟಗೆ ನಿಂತ. ಕೈ ಮುಗಿಯಲಿಲ್ಲ. ನಿಂತೇ ಪದವನ್ನು ಮೊದಲಿನಿಂದ ಹಾಡಿದ. ಸಾಯುವವನ ಪದ, ಆದರೆ ಆ ದನಿ ಸಾಯುವವನದಾಗಿರಲಿಲ್ಲ. ಡಂಗುರದ ದನಿ, ಊರ ಕೊನೆಯ ಮನೆಗೂ ಮುಟ್ಟುವಂಥದು. ಅವನು ಊರ ಹೊರಗಿನವರೆಗೆ ಕೇಳಲಿ ಎಂದು ಹಾಡುತ್ತಿದ್ದಾನೆ ಅನ್ನಿಸಿತು. ಮಂದಿಯ ಹಿಂದೆ, ಬಯಲಿನ ಅಂಚಿನ ಬಣವೆಗಳ ಹತ್ತಿರ ಕೇರಿಯವರು ಕೂತಿದ್ದರು. ಮುಂದಿನವರೆಲ್ಲ ಎದ್ದು ನಿಂತಿದ್ದರಿಂದ ಅವರಿಗೆ ರಂಗ ಕಾಣುತ್ತಲೇ ಇರಲಿಲ್ಲ. ಒಂದು ಗಾಡಿಯ ಮೇಲೆ ಹತ್ತಿದ ಕೆಲವರು ಮಾತ್ರ ನೋಡುತ್ತಿದ್ದರು.

ಪದ ಮುಗಿಯಿತು. ಎಲ್ಲರೂ ಅವನು ಹಿಂದೆ ಹೋಗಿ ಮತ್ತೆ ಮಲಗುತ್ತಾನೆಂದು ಕಾದರು. ಅವನು ಹೋಗಲಿಲ್ಲ. ಗಣಪತಿ ಪೂಜೆಗೆ ಹಿರಿಯರು ಹತ್ತಿ ಬಂದಿದ್ದ ಮುಂದಿನ ಮೆಟ್ಟಿಲಿನಿಂದ ಇಳಿದು, ಖುರ್ಚಿಗಳ ಪಕ್ಕದಿಂದ, ಮಂದಿಯೊಳಗೆ ನಡೆದುಬಿಟ್ಟ. ಮುಂದಿದ್ದವರು ಗಡಬಡಿಸಿ ಸರಿದರು. ಅವರ ಹಿಂದಿನವರು ಸರಿದರು. ಅವನಿಗಾಗಿ ಅಳುತ್ತಿದ್ದ ಹೆಂಗಸರು, ಅಳುತ್ತಲೇ, ಮೈಗೆ ತಾಗದಂತೆ ಸೆರಗು ಎಳೆದುಕೊಂಡರು. ಅಷ್ಟು ದೊಡ್ಡ ಜನಜಂಗುಳಿಯ ನಡುವೆ ಗಾಡಿ ಹೋಗುವಷ್ಟು ಅಗಲದ ಹಾದಿ ಬಿತ್ತು. ಅದು ಮುಚ್ಚಿಕೊಳ್ಳುವ ಮೊದಲು ನಾನೂ ಪೇಟಿ ಬಿಟ್ಟು ಅವನ ಹಿಂದೆ ಇಳಿದೆ. ಮಂಗಳದ ಪದ ಹಾಡಬೇಕಿತ್ತು, ಹಾಡಲಿಲ್ಲ.

ಬಣವೆಯ ಬುಡದಲ್ಲಿ ಮುದುಕಿ ಕೂತಿದ್ದಳು. ಮಗನ ಹೆಜ್ಜೆ ಗುರುತಿಸಿ ಕೈ ಚಾಚಿದಳು. ಅವನು ಎದುರು ಕುಕ್ಕರಿಸಿದ. ಬೆಳಗಿನ ಬೆಳಕಿನಲ್ಲಿ ಅವನ ಮುಖದ ಕಾಡಿಗೆ ಅಲ್ಲಲ್ಲಿ ಕದಡಿ, ಒಳಗಿನ ಮುಖವೂ ಹೊರಗಿನದೂ ಬೇರೆ ಮಾಡಲಾಗದಂತಿತ್ತು.

"ಹಿಡಿದ್ರೇನ, ತಮ್ಮಾ?" ಎಂದಳು.

"ಹಿಡಿದ್ರು ಬೇ. ತೊಡಿ ಮ್ಯಾಲ ತಲಿ ಇಟಗೊಂಡು ನೀರು ಕುಡಿಸಿದ್ರು."

ಗಾಡಿಯ ಮೇಲೆ ನಿಂತು ನೋಡಿದ್ದವರು ಕೆಳಗಿಳಿದು ಹತ್ತಿರ ಬಂದಿದ್ದರು. ಅವರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮುದುಕಿ ನಾನಿದ್ದ ಕಡೆ ಮುಖ ತಿರುಗಿಸಿದಳು. ನನ್ನ ಚಪ್ಪಲಿಯ ಸದ್ದು ಅವಳಿಗೆ ಗುರುತಿತ್ತು.

"ಖರೇನ್ರಿ, ಮಾಸ್ತರ?"

"ಖರೇ ಯವ್ವಾ" ಎಂದೆ.

ಅವಳ ಮುಖ ಸಡಿಲವಾಯಿತು. ಮಗನ ತಲೆ ಸವರಿದಳು, ಕೆನ್ನೆ ಸವರಿದಳು. ಕೈ ಇಳಿದು ಅವನ ಕುತ್ತಿಗೆಯ ಹಿಂದೆ ಹೋಗಿ ನಿಂತಿತು. ಅಲ್ಲಿ ನರಗಳು ಇನ್ನೂ ಪಟಪಟ ಹಾರುತ್ತಿದ್ದುದು ದೂರ ನಿಂತ ನನ್ನ ಕಣ್ಣಿಗೂ ಕಾಣುತ್ತಿತ್ತು.

"ಕುತಿಗಿ ಯಾಕ ಹಿಂಗ ನಡಗತೈತೋ?" ಎಂದಳು.

ಮುದುಕಿ ಮತ್ತೆ ಏನೂ ಕೇಳಲಿಲ್ಲ. ಕೈಯನ್ನು ಅಲ್ಲಿಂದ ತೆಗೆಯದೆ, ಅವನ ತಲೆಯನ್ನು ಮೆಲ್ಲಗೆ ಬಗ್ಗಿಸಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು; ಇನ್ನೊಂದು ಕೈಯನ್ನು ಪಕ್ಕದವಳ ಕಡೆ ಚಾಚಿ, ನೀರು ಕೊಡು ಎಂದಳು.